ಈರಗಾರನ ಕಲ್ಲಿನಿಂದ ಪಡಿಯಚ್ಚು ತೆಗೆಯುವುದು

ಮಡಕಶಿರಾ, ಅಮರಾಪುರ, ರೊಳ್ಳ, ಅಗಳಿ ಕಡೆ ಹೊಲದ ಬದುವಿನಲ್ಲೋ ಊರ ಮುಂದಿನ ಬೇವಿನ ಮರದ ಬುಡದಲ್ಲೋ ಒಂದಾದರೂ ವೀರಗಲ್ಲು ಸಿಗದ ಊರು ಕಡಿಮೆ. ಜನ ಅದನ್ನು ಈರಗಾರ ಎನ್ನುತ್ತಾರೆ, ಹಬ್ಬಕ್ಕೆ ಎಣ್ಣೆ ಹಚ್ಚಿ ಕುಂಕುಮ ಇಡುತ್ತಾರೆ. ಆಡಳಿತ ಆಂಧ್ರದ್ದು, ಕಲ್ಲಿನ ಮೇಲಿನ ಮಾತು ಮಾತ್ರ ಹಳಗನ್ನಡ. ಇಲ್ಲಿನ ಹೇಮಾವತಿ ಎಂಬ ಊರು ಆಗ ಹೆಂಜೇರು. ನೊಳಂಬವಾಡಿ ಮೂವತ್ತೆರಡು ಸಾವಿರ ಎಂಬ ನಾಡನ್ನು ಆಳಿದ ನೊಳಂಬರ ರಾಜಧಾನಿ. ಒಂಬತ್ತು, ಹತ್ತನೆಯ ಶತಮಾನದ ಬರಹ ಈ ಸೀಮೆಯಲ್ಲಿ ದಂಡಿಯಾಗಿರುವುದಕ್ಕೆ ಅದೇ ಕಾರಣ.

ಇಂಥ ಕಲ್ಲು ಕಂಡವರು ಮೊದಲು ಮಾಡುವ ಕೆಲಸ ಸೀಮೆಸುಣ್ಣ ತರುವುದು. ಅಕ್ಷರದ ಗೀರಿನೊಳಗೆ ಬೆಳ್ಳಗೆ ತುಂಬಿ, ಮೊಬೈಲಿನಲ್ಲಿ ಫೋಟೋ ತೆಗೆದು, ಓದಿ ಎಂದು ನಾಲ್ಕು ಜನರಿಗೆ ಕಳಿಸುತ್ತಾರೆ. ಆ ಫೋಟೋದಲ್ಲಿ ಕಾಣುವುದು ಕಲ್ಲು ಬರೆದದ್ದಲ್ಲ, ಸುಣ್ಣ ಹಿಡಿದವರು ಅಂದುಕೊಂಡದ್ದು. ಸವೆದ 'ಪ'ದ ಮೇಲೆ ಅಡ್ಡಗೆರೆ ಎಳೆದರೆ ಅದು 'ಬ' ಆಗುತ್ತದೆ. ಹಾಗೆ ಒಂದು ಹೆಸರೇ ಬದಲಾಗಿ, ಮುಂದೆ ಯಾರದೋ ಪುಸ್ತಕ ಸೇರುತ್ತದೆ. ಎನಾಮೆಲ್ ಬಣ್ಣ ತುಂಬಿದ್ದರಂತೂ ಆ ಕಲ್ಲಿನ ಮೂಲ ಗೀರನ್ನು ಮತ್ತೆ ನೋಡುವ ಆಸೆಯನ್ನೇ ಬಿಡಬೇಕು. ಆದ್ದರಿಂದ ಓದುವುದಕ್ಕೆ ಮುಂಚೆ ಪಡಿಯಚ್ಚು ತೆಗೆಯಬೇಕು, ಅಂದರೆ ಕಲ್ಲಿಗೆ ಒದ್ದೆ ಕಾಗದ ಅಂಟಿಸಿ, ಮೇಲೆ ಮಸಿ ತಟ್ಟಿ, ಬರಹದ ಪ್ರತಿ ಎತ್ತಿಕೊಳ್ಳಬೇಕು. ಇದರಲ್ಲಿ ಯಾವುದು ಅಕ್ಷರ, ಯಾವುದು ಅಲ್ಲ ಎಂದು ಕೈ ತೀರ್ಮಾನಿಸುವುದಿಲ್ಲ. ತಗ್ಗು ಬೆಳ್ಳಗೆ ಉಳಿಯುತ್ತದೆ, ಉಬ್ಬು ಕಪ್ಪಾಗುತ್ತದೆ.

ಕಾಲ ನೋಡಿಯೇ ಹೊರಡಬೇಕು. ಆಷಾಢದ ಗಾಳಿಯಲ್ಲಿ ಈ ಕೆಲಸ ಆಗದು. ಹಾಳೆ ಕಲ್ಲಿಗೆ ಅಂಟುವ ಮೊದಲೇ ಒಂದು ಮೂಲೆ ಮೇಲೇಳುತ್ತದೆ. ಕಡಲೆಕಾಯಿ ಕಿತ್ತು ಹೊಲ ಖಾಲಿಯಾದ ಮೇಲೆ, ಚಳಿಗಾಲದ ಬೆಳಗ್ಗೆ, ಕಲ್ಲು ಕಾಯುವುದಕ್ಕೆ ಮುಂಚೆ ಮಾಡುವುದು ವಾಸಿ. ಮುಂದಿನ ಮಾತು ಅನುಮತಿಯದು. ಸಂರಕ್ಷಿತ ಗುಡಿಯ ಆವರಣದಲ್ಲಿದ್ದರೆ ಪುರಾತತ್ವ ಇಲಾಖೆಯ ಲಿಖಿತ ಒಪ್ಪಿಗೆ ಇಲ್ಲದೆ ಕಲ್ಲಿಗೆ ನೀರೂ ಸೋಕಿಸಬಾರದು. ಹೊಲದಲ್ಲಿದ್ದರೆ ಹೊಲದವರನ್ನು, ಪೂಜೆಗೆ ಸೇರಿದ್ದರೆ ಪೂಜೆಯವರನ್ನು ಕೇಳಬೇಕು. ಬಗ್ಗಿ ಕಲ್ಲು ನೋಡುವವರನ್ನೆಲ್ಲ ನಿಧಿ ಹುಡುಕುವವರು ಎಂದುಕೊಳ್ಳುವ ಕಾಲ ಇದು. ಕಲ್ಲಿನ ಬುಡ ಕೆದಕಿದರೆ ಆ ಅನುಮಾನ ಗಟ್ಟಿಯಾಗುತ್ತದೆ. ಕೆಳಗಿನ ಸಾಲು ಮಣ್ಣಿನಲ್ಲಿ ಹೂತಿದ್ದರೆ ಊರವರ ಎದುರಿಗೇ, ಅವರ ಕೈಯಿಂದಲೇ ಒಂದೆರಡು ಅಂಗುಲ ಮಣ್ಣು ಸರಿಸಿ. ಅದಕ್ಕಿಂತ ಆಳ ಹೋಗಬೇಕಾದರೆ ಇಲಾಖೆಯವರು ಬರಲಿ.

ಬೇಕಾಗುವ ಸಾಮಾನು ಕಡಿಮೆ, ಆದರೆ ಒಂದಕ್ಕೆ ಬದಲು ಇನ್ನೊಂದು ನಡೆಯುವುದಿಲ್ಲ. ಕಾಗದ ಮ್ಯಾಪ್‌ಲಿಥೋ (ಲೇಪನವಿಲ್ಲದ ಅಚ್ಚಿನ ಕಾಗದ) ಅಥವಾ ಕೈಕಾಗದ. ಪತ್ರಿಕೆಯ ಕಾಗದ ನೀರಿಗೆ ಕರಗಿ ಮುದ್ದೆಯಾಗುತ್ತದೆ, ಡ್ರಾಯಿಂಗ್ ಚಾರ್ಟ್ ಬಿರುಸಾಗಿ ಗೀರಿನೊಳಗೆ ಇಳಿಯುವುದೇ ಇಲ್ಲ. ಒಂದು ಬಿರುಗೂದಲಿನ, ಹಿಡಿ ಇರುವ ಅಗಲ ಬ್ರಷ್. ಕಲ್ಲು ತೊಳೆಯಲು ಮೆತ್ತನೆಯ ಇನ್ನೊಂದು. ಮಸಿ ಎಂದರೆ ದೀಪದ ಕಾಡಿಗೆಗೆ ಗೋಂದು ಮತ್ತು ನೀರು ಕೂಡಿಸಿ ಅರೆದದ್ದು. ತಯಾರು ಇಂಡಿಯನ್ ಇಂಕ್ ಕೂಡ ಆಗುತ್ತದೆ. ಮಸಿ ಹಚ್ಚಲು ಹತ್ತಿಯನ್ನು ಬಿಗಿಯಾಗಿ ತುಂಬಿ ಬಟ್ಟೆಯಲ್ಲಿ ಕಟ್ಟಿದ ಗಂಟು, ಅಂಗೈಯಲ್ಲಿ ಹಿಡಿಯುವಷ್ಟು ದಪ್ಪ, ಮುಖ ಚಪ್ಪಟೆಯಾಗಿರಬೇಕು. ಜೊತೆಗೆ ಒಂದು ಮರದ ಹಲಗೆ, ಬಕೆಟ್ಟು, ಸ್ಪಂಜು, ಅಳತೆ ಟೇಪು, ಪೆನ್ಸಿಲ್.

ತೊಳೆಯುವುದರಲ್ಲೇ ಅರ್ಧ ಅನಾಹುತ ಆಗುತ್ತದೆ. ತಂತಿ ಬ್ರಷ್, ಆಸಿಡ್, ಸೋಪಿನ ಪುಡಿ ಯಾವುದೂ ಬೇಡ. ಈ ಸೀಮೆಯ ಗ್ರಾನೈಟು ಗಟ್ಟಿ ನಿಜ, ಆದರೆ ಸಾವಿರ ವರ್ಷ ಬಿಸಿಲು ಮಳೆ ತಿಂದ ಮೇಲುಪದರ ಗಟ್ಟಿಯಲ್ಲ. ತಂತಿ ತಾಗಿದರೆ ಹರಳು ಹರಳಾಗಿ ಉದುರುತ್ತದೆ, ಉದುರುವುದು ಅಕ್ಷರದ ಅಂಚೇ. ಕಲ್ಲುಹೂವು ಬೆಳೆದಿದ್ದರೆ ನೀರು ಹಾಕಿ ನೆನೆಯಲು ಬಿಟ್ಟು, ಬಿದಿರ ಸೀಳಿನಿಂದ ಮೆಲ್ಲಗೆ ಎಬ್ಬಿಸಿ. ಎದ್ದಷ್ಟು ಸಾಕು. ಎಣ್ಣೆ ಜಿಡ್ಡು ಹಿಡಿದ ಕಲ್ಲಿಗೆ ಹಸಿ ಕಾಗದ ಅಂಟದು. ಜಿಡ್ಡು ತೆಗೆಯುವುದು ಸಂರಕ್ಷಣೆ ಕಲಿತವರ ಕೆಲಸ. ಅಂಥ ಕಲ್ಲಿಗೆ ಪಡಿಯಚ್ಚು ಬಿಟ್ಟು, ಕೊನೆಯಲ್ಲಿ ಹೇಳಿರುವ ಬೆಳಕಿನ ದಾರಿ ಹಿಡಿಯುವುದು ಮೇಲು.

ಇನ್ನು ಮುಖ್ಯ ಕೆಲಸ. ಬರಹದ ಸುತ್ತ ಎರಡಂಗುಲ ಹೆಚ್ಚು ಬರುವಂತೆ ಹಾಳೆ ಕತ್ತರಿಸಿ. ಒಂದು ಹಾಳೆ ಸಾಲದಿದ್ದರೆ ಎರಡನೆಯದು ಮೊದಲನೆಯದರ ಮೇಲೆ ಒಂದು ಸಾಲಿನಷ್ಟಾದರೂ ಹತ್ತಿರಬೇಕು, ಇಲ್ಲವಾದರೆ ಮನೆಯಲ್ಲಿ ಕೂತು ಜೋಡಿಸುವಾಗ ಯಾವ ಸಾಲಿಗೆ ಯಾವುದು ಎಂಬುದೇ ಗೊತ್ತಾಗದು. ಕಲ್ಲಿನ ಮುಖವನ್ನು ಪೂರ್ತಿ ಒದ್ದೆ ಮಾಡಿ, ನೆನೆಸಿದ ಹಾಳೆಯನ್ನು ಮೇಲಿನಿಂದ ಇಳಿಬಿಟ್ಟು ಹಾಸಿ. ನಡುವಿನಿಂದ ಅಂಚಿನ ಕಡೆಗೆ ಸ್ಪಂಜಿನಲ್ಲಿ ಒತ್ತಿ ಗಾಳಿ ಹೊರಹಾಕಿ. ಆಮೇಲೆ ಬಿರುಗೂದಲಿನ ಬ್ರಷ್ಷಿನಿಂದ ಬಡಿಯಬೇಕು. ಉಜ್ಜಬಾರದು, ಉಜ್ಜಿದರೆ ಹಸಿ ಕಾಗದ ಸುರುಳಿ ಎದ್ದು ಹರಿಯುತ್ತದೆ. ಬ್ರಷ್ ನೇರವಾಗಿ ಬಿದ್ದು ನೇರವಾಗಿ ಏಳಬೇಕು, ಒಂದೇ ಹದದ ಏಟು. ಕಾಗದ ಗೀರಿನ ತಳ ಮುಟ್ಟಿದಾಗ ಅಕ್ಷರಗಳು ನೆರಳಿನಂತೆ ಮೂಡುತ್ತವೆ. ಆಳವಾದ ಕಡೆ ಕಾಗದ ತೂತಾದರೆ ಗಾಬರಿ ಬೇಡ, ಅದೇ ಕಾಗದದ ಒದ್ದೆ ತುಂಡು ಮೇಲಿಟ್ಟು ಮತ್ತೆ ಬಡಿದರೆ ಕೂಡಿಕೊಳ್ಳುತ್ತದೆ.

ಈಗ ಕಾಯಬೇಕು. ಪಡಿಯಚ್ಚು ಕೆಡುವುದು ಬಹುಪಾಲು ಇಲ್ಲಿಯೇ. ಇಸ್ತ್ರಿಗೆ ನೀರು ಚಿಮುಕಿಸಿಟ್ಟ ಬಟ್ಟೆಯಷ್ಟು ಹಸಿ ಉಳಿದಾಗ ಮಸಿ ಹಿಡಿಯಬೇಕು. ಅದಕ್ಕಿಂತ ಒದ್ದೆಯಿದ್ದರೆ ಮಸಿ ಹರಡಿ ಗೀರಿನೊಳಗೆ ಇಳಿಯುತ್ತದೆ, ಬಿಳಿ ಉಳಿಯಬೇಕಾದ ಅಕ್ಷರ ಮಬ್ಬಾಗುತ್ತದೆ; ಇನ್ನೂ ಹೆಚ್ಚಿದರೆ ಕಾಗದ ದಾಟಿ ಕಲ್ಲಿಗೇ ಕಲೆ. ಅದು ತೊಳೆದರೆ ಹೋಗುವಂಥದ್ದಲ್ಲ. ಪೂರ್ತಿ ಒಣಗಿದರೆ ಕಾಗದ ಕಲ್ಲು ಬಿಟ್ಟು ಏಳುತ್ತದೆ, ಗಂಟು ತಾಗಿದಾಗ ಕೂದಲೆಳೆಯಷ್ಟು ಜರುಗುತ್ತದೆ, ಒಂದೇ ಗೆರೆ ಎರಡಾಗಿ ಕಾಣುತ್ತದೆ. ಎಷ್ಟು ನಿಮಿಷ ಎಂದು ಹೇಳಲು ಬರುವುದಿಲ್ಲ. ಬೆರಳ ಹಿಂಬದಿಯಿಂದ ಮುಟ್ಟಿದರೆ ತಂಪು ತಿಳಿಯಬೇಕು, ನೀರು ಅಂಟಬಾರದು. ಬಿಸಿಲು ಬಿದ್ದ ಕಲ್ಲಿನಲ್ಲಿ ಮೇಲರ್ಧ ಒಣಗಿದಾಗ ಕೆಳಗಿನರ್ಧ ಇನ್ನೂ ಒದ್ದೆ ಇರುತ್ತದೆ. ಕೊಡೆ ಹಿಡಿಯಲು ಒಬ್ಬರಿದ್ದರೆ ಅನುಕೂಲ.

ಮಸಿಯನ್ನು ನೇರವಾಗಿ ಗಂಟಿಗೆ ಸುರಿಯಬೇಡಿ. ಹಲಗೆಯ ಮೇಲೆ ತೆಳ್ಳಗೆ ಸವರಿ, ಗಂಟನ್ನು ಅದರ ಮೇಲೆ ತಟ್ಟಿ, ರದ್ದಿ ಕಾಗದದಲ್ಲಿ ಒಮ್ಮೆ ಒತ್ತಿ ನೋಡಿ, ಆಮೇಲೆ ಹಾಳೆಗೆ. ಮೊದಲ ಸುತ್ತು ಬೂದು ಬಣ್ಣ ಬಂದರೆ ಸಾಕು. ಎರಡು ಮೂರು ಸುತ್ತಿನಲ್ಲಿ ಕಪ್ಪೇರಲಿ. ಮಸಿ ಹಚ್ಚುವುದು ಹೊರಮೈಗೆ, ಹಾಗಾಗಿ ಅಕ್ಷರ ನೇರವಾಗಿಯೇ ಓದಿಕೊಳ್ಳುತ್ತದೆ, ಕನ್ನಡಿಯಲ್ಲಿ ಹಿಡಿಯಬೇಕಾಗಿಲ್ಲ. ಒಣಗಿದ ಮೇಲೆ ಮೇಲಿನ ಎರಡು ಮೂಲೆ ಹಿಡಿದು ನಿಧಾನಕ್ಕೆ ಬಿಡಿಸಿ. ಒಂದೇ ಪ್ರತಿಗೆ ನಿಲ್ಲಿಸಬೇಡಿ. ಎರಡು ಪ್ರತಿಯಲ್ಲೂ ಒಂದೇ ಜಾಗದಲ್ಲಿ ಕಂಡದ್ದು ಕಲ್ಲಿನಲ್ಲಿದೆ. ಒಂದರಲ್ಲಿ ಮಾತ್ರ ಕಂಡದ್ದು ನಿಮ್ಮ ಏಟಿನದೋ ಮಡಿಕೆಯದೋ ಇರಬಹುದು.

ಕಲ್ಲಿನಲ್ಲಿರುವುದೆಲ್ಲ ಅಕ್ಷರವೂ ಅಲ್ಲ. ಗ್ರಾನೈಟಿನ ಒಂದು ಹರಳು ಕಳಚಿಬಿದ್ದ ಗುಳಿ ಅಚ್ಚಿನಲ್ಲಿ ಸೊನ್ನೆಯಂತೆಯೇ ಬರುತ್ತದೆ. ಉಳಿ ಕೊರೆದ ಬಿಂದುವಿಗೆ ಅಂಚು ಒಂದೇ ಸಮ ಇರುತ್ತದೆ, ಉದುರಿದ ಗುಳಿಗೆ ಅಂಚು ಹರಕು. ವೀರಗಲ್ಲಿನಲ್ಲಿ ಬರಹದ ಜಾಗವೂ ಒಂದೇ ತರಹ ಇಲ್ಲ. ಮೂರು ಅಂತಸ್ತಿನ ಕಲ್ಲಾದರೆ, ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಒಯ್ಯುವುದು, ಮೇಲೆ ಲಿಂಗಪೂಜೆ. ಬರಹ ನಡುನಡುವಿನ ಪಟ್ಟಿಕೆಗಳಲ್ಲಿ. ನೊಳಂಬ, ಗಂಗರ ಕಾಲದ ಕಲ್ಲುಗಳಲ್ಲಿ ಒಂದೇ ದೊಡ್ಡ ಚಿತ್ರವಿದ್ದು, ಬರಹ ಕತ್ತಿಯ ಮೇಲೆ, ಕುದುರೆಯ ಕಾಲಿನ ಸಂದಿಯಲ್ಲಿ, ಜಾಗ ಸಿಕ್ಕ ಕಡೆ ಹರಿದಿರುತ್ತದೆ. ಚಿತ್ರದ ಉಬ್ಬಿನ ಮೇಲೆ ಕಾಗದ ಬಿಗಿಯಾಗಿ ಹರಿಯುವುದರಿಂದ ಇವಕ್ಕೆ ತುಂಡು ತುಂಡಾಗಿಯೇ ಅಚ್ಚು ತೆಗೆಯಬೇಕು. ಪ್ರತಿ ತುಂಡಿಗೂ ಸಂಖ್ಯೆ, ಮೇಲ್ಮುಖದ ಬಾಣದ ಗುರುತು.

ಓದುವಾಗ 'ಧರ್ಮ್ಮ', 'ಸರ್ವ್ವ' ಎಂದು ಒತ್ತು ಇಮ್ಮಡಿಯಾದದ್ದನ್ನು ಕೆತ್ತಿದವನ ತಪ್ಪೆಂದು ತಿದ್ದಬೇಡಿ. ಆ ಕಾಲದ ರೂಢಿಯೇ ಅದು. ತುಱು ಎಂದರೆ ದನ, ಅದನ್ನು ಹಿಂದಕ್ಕೆ ತರುವ ಕಾಳಗದಲ್ಲಿ ಸತ್ತವನ ಕಲ್ಲು ಹೆಚ್ಚು. ಕೊನೆಯ ಶಾಪದ ಸಾಲು ಬಹುತೇಕ ಒಂದೇ ಅಚ್ಚಿನದು, ಪಂಚಮಹಾಪಾತಕ, ವಾರಣಾಸಿ, ಕವಿಲೆ (ಕಪಿಲೆ ಹಸು) ಬಂದೇ ಬರುತ್ತವೆ. ಹಾಗಾಗಿ ಅಲ್ಲಿ ಮುಕ್ಕಾದ ಅಕ್ಷರ ಊಹಿಸಬಹುದು, ಆದರೆ ಚೌಕ ಕಂಸದೊಳಗೆ ಬರೆಯಬೇಕು. ಹೆಸರು, ಊರು ಮುಕ್ಕಾಗಿದ್ದರೆ ಚುಕ್ಕಿ ಇಟ್ಟು ಬಿಡಿ.

ತೇದಿ ಸಿಕ್ಕರೆ ಅದನ್ನು ಲೆಕ್ಕ ಹಾಕಿ ತಾಳೆ ನೋಡಬಹುದು. ಶಕ ವರ್ಷಕ್ಕೆ 78 ಕೂಡಿಸಿದರೆ ಇಸವಿ. ಜನವರಿಯ ನಂತರ ಬೀಳುವ ಮಾಘ, ಫಾಲ್ಗುಣಕ್ಕೆ 79. ಸಂವತ್ಸರದ ಹೆಸರು ತಿಳಿಯಲು ಶಕ ವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿ, ಉಳಿದ ಶೇಷವನ್ನು ಪ್ರಭವದಿಂದ ಎಣಿಸಿ. ಶಕ 1946ಕ್ಕೆ 12 ಸೇರಿದರೆ 1958, ಶೇಷ 38, ಅಂದರೆ ಕ್ರೋಧಿ, ಸರಿ ಹೋಯಿತು. ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲಿನಲ್ಲಿ, ಹಂದಿಯೊಡನೆ ಕಾದಾಡಿ ಸತ್ತ ಕಾಳಿ ಎಂಬ ನಾಯಿಯ ಆ ಪ್ರಸಿದ್ಧ ಕಲ್ಲಿನಲ್ಲಿ, ಶಕ 872 ಸೌಮ್ಯ ಎಂದಿದೆ. ಲೆಕ್ಕದಲ್ಲಿ 872ಕ್ಕೆ ಬರುವುದು ಸಾಧಾರಣ, ಸೌಮ್ಯ 871ಕ್ಕೆ. ಕಲ್ಲು ತಪ್ಪಲ್ಲ. ಪೂರ್ತಿ ಮುಗಿದ ವರ್ಷಗಳನ್ನಷ್ಟೇ ಎಣಿಸುವ ಬದಲು ನಡೆಯುತ್ತಿರುವ ವರ್ಷವನ್ನೂ ಸೇರಿಸಿ ಎಣಿಸಿದ್ದಾರೆ, ಅದಕ್ಕೇ ಕಾಲ 949-50 ಎಂದು ತೀರ್ಮಾನವಾಗಿದೆ. ಒಂದು ವರ್ಷದ ಅಂತರ ಬಂದರೆ ಹೀಗಿರಬಹುದು. ಐದಾರು ವರ್ಷದ ಅಂತರ ಬಂದರೆ ಮೊದಲು ನಿಮ್ಮ ಅಂಕಿಯ ಓದನ್ನು ಅನುಮಾನಿಸಿ.

ಮಸಿ ಹಿಡಿಯಲಾಗದ ಕಲ್ಲಿಗೆ ಬೆಳಕು ಸಾಕು. ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಮೈಗೆ ತಾಗುವಷ್ಟು ಓರೆಯಾಗಿ ಹಿಡಿದು, ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ಕದಲದಂತೆ ಇಟ್ಟು, ಎಡ, ಬಲ, ಮೇಲೆ, ಕೆಳಗೆ ಎಂದು ಸುತ್ತಲಿಂದ ಒಂದೊಂದು ಫೋಟೋ. ಅಡ್ಡಗೆರೆ ಮೇಲಿನ ಬೆಳಕಿಗೆ, ಉದ್ದಗೆರೆ ಪಕ್ಕದ ಬೆಳಕಿಗೆ ಏಳುತ್ತದೆ. ಒಂದೇ ಕಡೆಯ ಬೆಳಕನ್ನು ನಂಬಿದರೆ ಅರ್ಧ ಅಕ್ಷರ ತಪ್ಪಿಹೋಗುತ್ತದೆ. ಬೆಂಗಳೂರಿನ ಮಿಥಿಕ್ ಸೊಸೈಟಿ ಆ ಭಾಗದ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿಸುತ್ತಿದೆ, ಅದು ಇನ್ನೂ ಒಳ್ಳೆಯ ದಾರಿ. ನಮ್ಮ ಗಡಿಯ ಊರುಗಳಿಗೆ ಅಂಥ ಯಂತ್ರ ಬರುವ ತನಕ ಕಾಯುವಷ್ಟು ಪುರುಸೊತ್ತು ಕಲ್ಲುಗಳಿಗಿಲ್ಲ, ರಸ್ತೆ ಅಗಲ ಮಾಡುವ ಜೆಸಿಬಿ ಮುಂಚೆಯೇ ಬಂದಿರುತ್ತದೆ.

ಹೊಸ ಶಾಸನ ಎಂದು ಸಾರುವ ಮೊದಲು ಹಳೆಯ ಸಂಪುಟ ನೋಡಬೇಕು. ಈ ಸೀಮೆ ಮದರಾಸು ಪ್ರಾಂತಕ್ಕೆ ಸೇರಿದ್ದರಿಂದ, ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಶನ್ಸ್ ಮಾಲೆಯ ಒಂಬತ್ತನೆಯ ಸಂಪುಟದ ಎರಡು ಭಾಗಗಳನ್ನು, 1939 ಮತ್ತು 1941ರಲ್ಲಿ ಬಂದವನ್ನು, ತಿರುವಿ ಹಾಕಿ. ಅಲ್ಲಿಲ್ಲದಿದ್ದರೆ ಪಡಿಯಚ್ಚಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ ಊರು, ಮಂಡಲ, ಸರ್ವೆ ನಂಬರು, ಕಲ್ಲು ಮುಖ ಮಾಡಿರುವ ದಿಕ್ಕು, ಎತ್ತರ ಅಗಲ, ಅಚ್ಚು ತೆಗೆದ ತಾರೀಖು ಬರೆಯಿರಿ. ಬಾಲ್‌ಪೆನ್ನಿನಲ್ಲಿ ಬರೆದರೆ ಮುಂದಿನ ಮುಖಕ್ಕೆ ಗೀರು ಮೂಡಿ ಅದನ್ನೂ ಯಾರಾದರೂ ಅಕ್ಷರ ಎಂದು ಓದಿಯಾರು. ಮಡಿಸದೆ ಕೊಳವೆಯಲ್ಲಿ ಸುತ್ತಿ, ಒಂದು ಪ್ರತಿ ಊರಿನಲ್ಲಿ ಉಳಿಸಿ, ಇನ್ನೊಂದನ್ನು ಮೈಸೂರಿನಲ್ಲಿರುವ ಪುರಾತತ್ವ ಸರ್ವೇಕ್ಷಣದ ಶಾಸನ ವಿಭಾಗಕ್ಕೆ ಕಳಿಸಿ.