ಶುಗರ್ ಇಲ್ಲದಿದ್ದರೂ ಕೀಮೋ ಜೊತೆ ಮೆಟ್‌ಫಾರ್ಮಿನ್ ಕೊಡಬಹುದೇ?

ಪ್ರಶ್ನೆ: ನಮ್ಮ ತಂದೆಗೆ ದೊಡ್ಡ ಕರುಳಿನ ಕ್ಯಾನ್ಸರ್. ಆಪರೇಷನ್ ಮುಗಿದು ಕೀಮೋ ಶುರುವಾಗಿದೆ. ಶುಗರ್ ಮಾತ್ರೆ ಮೆಟ್‌ಫಾರ್ಮಿನ್ ಜೊತೆಗಿದ್ದರೆ ಕೀಮೋ ಚೆನ್ನಾಗಿ ನಾಟುತ್ತದೆ ಅಂತ ಓದಿದೆವು. ಅವರಿಗೆ ಶುಗರ್ ಇಲ್ಲ. ಕೊಡಬಹುದೇ?

ಉತ್ತರ: ಶುಗರ್ ಇಲ್ಲದವರಿಗೆ ಕ್ಯಾನ್ಸರ್ ಸಲುವಾಗಿಯೇ ಕೊಡುವುದು ಬೇಡ. ಶುಗರ್ ಇದ್ದು ಮೊದಲಿನಿಂದ ನುಂಗುತ್ತಿರುವವರು ಕೀಮೋ ಶುರುವಾಯಿತೆಂದು ತಾವೇ ಬಿಡುವುದೂ ಬೇಡ.

ಹಾಗಂತ ನೀವು ಓದಿದ್ದು ಬರೀ ಗಾಳಿಮಾತಲ್ಲ. 2005ರಲ್ಲಿ ಸ್ಕಾಟ್ಲೆಂಡಿನ ಸಂಶೋಧಕರು ಮಧುಮೇಹಿಗಳ ದಾಖಲೆ ಜಾಲಾಡಿದಾಗ ಮೆಟ್‌ಫಾರ್ಮಿನ್ ತೆಗೆದುಕೊಂಡವರಲ್ಲಿ ಕ್ಯಾನ್ಸರ್ ಕಡಿಮೆ ಕಂಡಿತ್ತು. ಈ ಔಷಧ ಜೀವಕೋಶದ ಮೈಟೊಕಾಂಡ್ರಿಯಾದಲ್ಲಿ ಶಕ್ತಿ ತಯಾರಿಕೆಯನ್ನು ತಗ್ಗಿಸುತ್ತದೆ. ಶಕ್ತಿ ಕುಸಿದೊಡನೆ ಎಎಂಪಿಕೆ ಎಂಬ ಕಿಣ್ವ ಎಚ್ಚೆತ್ತು, ಬೆಳವಣಿಗೆಗೆ ಆಜ್ಞೆ ಕೊಡುವ ಎಂಟಾರ್ ಎಂಬ ಪ್ರೋಟೀನನ್ನು ಅಡಗಿಸುತ್ತದೆ. ಇತ್ತ ಕೀಮೋದ 5-ಎಫ್‌ಯು ಎಂಬ ಔಷಧ ಡಿಎನ್‌ಎ ಕಟ್ಟಲು ಬೇಕಾದ ಸಾಮಗ್ರಿಯನ್ನೇ ತಡೆಯುತ್ತದೆ, ಇನ್ನೊಂದು ಕೀಮೋ ಔಷಧವಾದ ಆಕ್ಸಾಲಿಪ್ಲಾಟಿನ್, ಆಗಲೇ ಇರುವ ಡಿಎನ್‌ಎಗೆ ಹಾನಿ ಮಾಡುತ್ತದೆ. ರಿಪೇರಿಗೆ ಶಕ್ತಿ ಬೇಕು, ಅದೇ ಇಲ್ಲದಿದ್ದರೆ ಕೋಶ ಸಾಯುತ್ತದೆ ಎಂಬುದು ಲೆಕ್ಕಾಚಾರ.

ಎಡವುವುದು ಪ್ರಮಾಣದಲ್ಲಿ. ಪ್ರಯೋಗಾಲಯದ ತಟ್ಟೆಯಲ್ಲಿ ಅನೇಕ ಸಲ ಸುರಿಯುವ ಮೆಟ್‌ಫಾರ್ಮಿನ್, ಮಾತ್ರೆ ನುಂಗಿದವರ ರಕ್ತದಲ್ಲಿ ಸಿಗುವುದಕ್ಕಿಂತ ನೂರಾರು ಪಟ್ಟು ಗಾಢ. ಕರುಳಿನ ಗೋಡೆಯಲ್ಲಿ ಈ ಔಷಧ ರಕ್ತಕ್ಕಿಂತ ಬಹಳ ಹೆಚ್ಚು ಶೇಖರವಾಗುತ್ತದೆ ನಿಜ. ಕರುಳಿನ ಕ್ಯಾನ್ಸರಿನ ಬಗ್ಗೆ ಆಸೆ ಇನ್ನೂ ಬತ್ತದಿರುವುದಕ್ಕೆ ಅದೂ ಒಂದು ಕಾರಣ. ಆದರೆ ಯಕೃತ್ತಿಗೆ ಹರಡಿದ ಗಡ್ಡೆಗೆ ಅಷ್ಟು ಗಾಢತೆ ಸಿಗುತ್ತದೆಂದು ಹೇಳಲಾಗದು.

ರೋಗಿಗಳಲ್ಲಿ ಏನಾಯಿತು? ಬ್ರೆಜಿಲ್‌ನಲ್ಲಿ, ಬೇರೆ ಚಿಕಿತ್ಸೆಗಳಿಗೆ ಬಗ್ಗದ, ಹರಡಿದ ಕರುಳಿನ ಕ್ಯಾನ್ಸರ್ ಇದ್ದ 50 ಮಂದಿಗೆ ದಿನಕ್ಕೆರಡು ಸಲ 850 ಮಿಗ್ರಾಂ ಮೆಟ್‌ಫಾರ್ಮಿನ್ ಜೊತೆ 5-ಎಫ್‌ಯು ಕೊಟ್ಟರು. ಎಂಟು ವಾರದ ಹೊತ್ತಿಗೆ ರೋಗ ಹತೋಟಿಯಲ್ಲಿದ್ದದ್ದು 11 ಮಂದಿಗೆ. ಹೋಲಿಸಿ ನೋಡಲು ಮೆಟ್‌ಫಾರ್ಮಿನ್ ಇಲ್ಲದ ಇನ್ನೊಂದು ಗುಂಪೇ ಇರಲಿಲ್ಲ, ಹಾಗಾಗಿ ಇದು ಸುಳಿವು, ಪುರಾವೆಯಲ್ಲ. ಸ್ತನ ಕ್ಯಾನ್ಸರಿನಲ್ಲಿ ಇಂಥದೇ ಭರವಸೆಯಿಂದ 3,649 ಮಂದಿಯ ಮೇಲೆ ನಡೆದ ದೊಡ್ಡ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಮಧುಮೇಹವಿಲ್ಲದವರಿಗೆ ಮೆಟ್‌ಫಾರ್ಮಿನ್‌ನಿಂದ ಪ್ರಯೋಜನ ಕಾಣಲಿಲ್ಲ. ಹಳೇ ದಾಖಲೆ ನೋಡಿ ಹಿಗ್ಗುವಾಗ ಇದು ನೆನಪಿರಬೇಕು. ಅಲ್ಲಿ ಹೆಚ್ಚು ದಿನ ಬದುಕಿದವರೇ ಹೆಚ್ಚು ದಿನ ಮಾತ್ರೆ ನುಂಗಿರುತ್ತಾರೆ, ಶ್ರೇಯಸ್ಸು ಮಾತ್ರೆಗೆ ಹೋಗುತ್ತದೆ.

ಶುಗರ್ ಇರುವವರ ವಿಷಯ ಬೇರೆ. ವಾಂತಿ ತಡೆಯಲು ಕೀಮೋ ದಿನ ಕೊಡುವ ಡೆಕ್ಸಾಮೆಥಾಸೋನ್ ಸಕ್ಕರೆಯನ್ನು ಏರಿಸುತ್ತದೆ. ಆ ದಿನ ಮತ್ತು ಮುಂದಿನ ಒಂದೆರಡು ದಿನ ಗ್ಲುಕೋಮೀಟರಿನಲ್ಲಿ ನೋಡಿಕೊಳ್ಳಿ, ಮುಖ್ಯವಾಗಿ ಮಧ್ಯಾಹ್ನ ಮತ್ತು ಸಂಜೆ. ಬರೀ ಬೆಳಗಿನ ಖಾಲಿಹೊಟ್ಟೆಯ ಅಂಕಿ ನಂಬಿದರೆ ಏರಿಕೆ ತಪ್ಪಿಹೋಗಬಹುದು.

ಆಕ್ಸಾಲಿಪ್ಲಾಟಿನ್ ಪಡೆಯುವವರಿಗೆ ಬೆರಳು ಜೋಮು ಹಿಡಿಯುತ್ತದೆ, ತಣ್ಣೀರು ಮುಟ್ಟಿದರೆ ಚುರ್ ಎನ್ನುತ್ತದೆ. ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗಿದವರಲ್ಲಿ ಬಿ12 ಇಳಿದರೂ ಕೈಕಾಲು ಜೋಮು ಹಿಡಿಯುತ್ತದೆ, ಶುಗರ್‌ನಿಂದಲೂ ಹಿಡಿಯುತ್ತದೆ. ಎಲ್ಲವನ್ನೂ ಕೀಮೋ ಮೇಲೆ ಹಾಕುವ ಮುನ್ನ ಬಿ12 ಪರೀಕ್ಷೆ ಮಾಡಿಸುವುದು ಒಳ್ಳೆಯದು. ಕೊರತೆಯಾದರೆ ತುಂಬಿಕೊಳ್ಳಬಹುದು.

ನಿಜವಾದ ಅಪಾಯ ಭೇದಿ. ಕೀಮೋಗೆ ಕೊಡುವ ಕೇಪಸಿಟಬಿನ್ ಮಾತ್ರೆಯೂ ಭೇದಿ ತರುತ್ತದೆ, ಮೆಟ್‌ಫಾರ್ಮಿನ್ನೂ ತರುತ್ತದೆ. ನೀರು ಖಾಲಿಯಾಗಿ ಕಿಡ್ನಿ ಸೋತರೆ ಮೆಟ್‌ಫಾರ್ಮಿನ್ ದೇಹದಲ್ಲೇ ಉಳಿದು, ಅಪರೂಪಕ್ಕಾದರೂ, ಲ್ಯಾಕ್ಟಿಕ್ ಆಮ್ಲ ಏರಿ ಜೀವಕ್ಕೇ ಕುತ್ತು ಬರಬಹುದು. ಪದೇ ಪದೇ ಭೇದಿ, ವಾಂತಿ, ಜ್ವರ ಇದ್ದು ಊಟ ಸೇರದ ದಿನ ಮೆಟ್‌ಫಾರ್ಮಿನ್ ತಡೆದು, ಅಂದೇ ಆಸ್ಪತ್ರೆಗೆ ಫೋನ್ ಮಾಡಿ. ಸಕ್ಕರೆಗೆ ಬದಲಿ ಏನು, ಕೇಪಸಿಟಬಿನ್ ಮುಂದುವರಿಸಬೇಕೇ ಎಂಬುದನ್ನೂ ಆಗಲೇ ಕೇಳಿ. ಸರಿಯಾಗಿ ಉಂಡು ಕುಡಿಯಲು ಶುರುಮಾಡಿ 24ರಿಂದ 48 ಗಂಟೆಯಾದ ಮೇಲೆ, ವೈದ್ಯರನ್ನು ಕೇಳಿ ಮತ್ತೆ ಆರಂಭಿಸಬಹುದು. ರಕ್ತ ಪರೀಕ್ಷೆಯಲ್ಲಿ ಕಿಡ್ನಿ ಎಷ್ಟು ಸೋಸುತ್ತಿದೆ ಎಂದು ತೋರಿಸುವ ಇಜಿಎಫ್‌ಆರ್ ಅಂಕಿ 30ಕ್ಕಿಂತ ಕೆಳಗಿದ್ದರೆ ಮೆಟ್‌ಫಾರ್ಮಿನ್ ಸಲ್ಲದು. ಬಣ್ಣದ ಇಂಜೆಕ್ಷನ್ ಕೊಟ್ಟು ಸಿಟಿ ಸ್ಕ್ಯಾನ್ ಮಾಡುವಾಗಲೂ ಮಾತ್ರೆಯ ವಿಷಯ ಮೊದಲೇ ತಿಳಿಸಿ. ಕಿಡ್ನಿ ದುರ್ಬಲವಿದ್ದವರಿಗೆ 48 ಗಂಟೆ ನಿಲ್ಲಿಸಿ, ಕಿಡ್ನಿ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ರಕ್ತ ಪರೀಕ್ಷೆ ನೋಡಿ ಮತ್ತೆ ಕೊಡುತ್ತಾರೆ.