ಏಪ್ರಿಲ್ 26: ಗುರು ಹೋದ ಮೇಲೆ ಸರ್ಟಿಫಿಕೇಟಿಗೆ ಸಹಿ ಯಾರದು?

ಶೋಟೊಕಾನ್ ಎಂಬ ಕರಾಟೆ ಪರಂಪರೆಯ ಮೂಲಪುರುಷ ಗಿಚಿನ್ ಫುನಾಕೋಶಿ ತೀರಿಕೊಂಡದ್ದು 1957ರ ಏಪ್ರಿಲ್ 26ರಂದು. ಕ್ಯೊಕುಶಿನ್ ಎಂಬ ಇನ್ನೊಂದು ಕರಾಟೆ ಶೈಲಿ ಕಟ್ಟಿದ ಮಾಸುತತ್ಸು ಓಯಾಮಾ ತೀರಿಕೊಂಡದ್ದು 1994ರಲ್ಲಿ, ಅದೂ ಏಪ್ರಿಲ್ 26ರಂದೇ. ದಿನಾಂಕ ಹೊಂದಿಕೊಂಡದ್ದು ಕಾಕತಾಳೀಯ. ಆದರೆ ಎರಡೂ ಸಾವುಗಳ ಹಿಂದೆಯೇ ಶಿಷ್ಯರು ಬೇರೆ ಬೇರೆಯಾದರು. ಹೊಸದಾಗಿ ಕರಾಟೆಯ ಚರಿತ್ರೆ ಓದುವವರು ಇವೆರಡನ್ನೂ ಜೊತೆಗಿಟ್ಟು ಓದಬೇಕು ಎನ್ನುವುದು ನನ್ನ ಸಲಹೆ.

ಮೊದಲು ಒಂದು ತಪ್ಪು ಕಲ್ಪನೆ ಬಿಡೋಣ. ಸಂಸ್ಥೆ ಒಡೆಯುವುದು ಕಟಾ (ನಿಗದಿತ ಚಲನೆಗಳ ಸರಣಿ), ಒದೆತ, ನಿಲ್ಲುವ ಭಂಗಿಗಳ ಭಿನ್ನಾಭಿಪ್ರಾಯದಿಂದ ಎಂದು ನಾನೂ ಬಹಳ ಕಾಲ ನಂಬಿದ್ದೆ. ಓದುತ್ತ ಹೋದಂತೆ ಬೇರೆಯೇ ಕಾಣಿಸಿತು. ಗುರು ಕಲಿಸಿದ ವಿದ್ಯೆ ಎಲ್ಲ ಶಿಷ್ಯರ ಮೈಯಲ್ಲೂ ಇರುತ್ತದೆ, ಅದಕ್ಕೆ ಜಗಳವೇ ಬೇಕಿಲ್ಲ. ಹೊಲವಾದರೆ ಬದು ಹಾಕಿ ಪಾಲು ಮಾಡಿಕೊಳ್ಳಬಹುದು. ಸಂಸ್ಥೆಯ ಹೆಸರು, ಮುದ್ರೆ, ಡಾನ್ (ಬ್ಲ್ಯಾಕ್ ಬೆಲ್ಟ್ ದರ್ಜೆ) ಸರ್ಟಿಫಿಕೇಟಿಗೆ ಸಹಿ ಹಾಕುವ ಹಕ್ಕು ಇವುಗಳನ್ನು ಹಾಗೆ ಪಾಲು ಮಾಡಲು ಬರುವುದಿಲ್ಲ. ಬ್ಲ್ಯಾಕ್ ಬೆಲ್ಟ್ ಪರೀಕ್ಷೆಯ ಶುಲ್ಕವೂ ಆ ಸಹಿಯ ಹಿಂದೆಯೇ ಕೇಂದ್ರಕ್ಕೆ ಹರಿಯುತ್ತದೆ.

ಓಯಾಮಾ ಪ್ರಕರಣದಲ್ಲಿ ಇದು ನಿಚ್ಚಳವಾಗಿ ಕಾಣುತ್ತದೆ. 1964ರಲ್ಲಿ ಅವರು ಕಟ್ಟಿದ ಅಂತರರಾಷ್ಟ್ರೀಯ ಸಂಸ್ಥೆ ನೂರಕ್ಕೂ ಹೆಚ್ಚು ದೇಶಗಳಿಗೆ ಹಬ್ಬಿತ್ತು. ಕೊನೆಯ ಮಾತು ಮಾತ್ರ ಯಾವಾಗಲೂ ಅವರೊಬ್ಬರದೇ. ಅವರಿರುವಾಗಲೇ ತದಾಶಿ ನಕಾಮುರಾ, ಹಿದೆಯುಕಿ ಅಶಿಹಾರಾ ಅವರಂಥ ಘಟಾನುಘಟಿ ಶಿಷ್ಯರು ಹೊರನಡೆದು ತಮ್ಮದೇ ಸಂಸ್ಥೆ ಮಾಡಿಕೊಂಡಿದ್ದರು. ಆದರೂ ಕ್ಯೊಕುಶಿನ್ ಹೆಸರು ಓಯಾಮಾರದೇ ಎಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ.

ಶ್ವಾಸಕೋಶದ ಕ್ಯಾನ್ಸರ್‌ನಿಂದ ಆಸ್ಪತ್ರೆಯಲ್ಲಿದ್ದಾಗ, ಸಾವಿಗೆ ಒಂದು ವಾರ ಮೊದಲು, ಒಂದು ಉಯಿಲು ಸಿದ್ಧವಾಯಿತು. ಅದರಲ್ಲಿ ಉತ್ತರಾಧಿಕಾರಿಯಾಗಿ ಬಂದ ಹೆಸರು ಅಕಿಯೋಶಿ ಮತ್ಸುಯಿ. ವಯಸ್ಸು 31. 1986ರಲ್ಲಿ ನೂರು ಜನರ ಕುಮಿತೆ, ಅಂದರೆ ಒಬ್ಬರಾದ ಮೇಲೊಬ್ಬರಂತೆ ನೂರು ಕಾದಾಟ, ಮುಗಿಸಿದವರು, 1987ರ ವಿಶ್ವ ಚಾಂಪಿಯನ್. ಹೋರಾಟದಲ್ಲಿ ಅವರ ಸಾಮರ್ಥ್ಯ ಪ್ರಶ್ನಾತೀತ. ಆದರೆ ಡೋಜೋದಲ್ಲಿ (ಕರಾಟೆ ಶಾಲೆಯಲ್ಲಿ) ಸೆನ್‌ಪಾಯ್, ಅಂದರೆ ಹಿರಿಯ, ಎಂಬ ಪದಕ್ಕೆ ಎಷ್ಟು ತೂಕವಿದೆ ಎಂದು ಬಲ್ಲವರಿಗೆ, ಅವರಿಗಿಂತ ಎಷ್ಟೋ ವರ್ಷ ಹಿರಿಯರಾದ ಶಾಖಾ ಮುಖ್ಯಸ್ಥರ ಮನಸ್ಸು ಹೇಗಾಗಿರಬೇಕು ಎಂದು ಬಿಡಿಸಿ ಹೇಳಬೇಕಿಲ್ಲ.

ಇಲ್ಲಿ ಕಾನೂನಿನ ಅಂಶ ಗಮನಿಸಿ, ಇದನ್ನು ಹಲವರು ಹಾರಿಸಿಬಿಡುತ್ತಾರೆ. ಸಾವಿನಂಚಿನಲ್ಲಿರುವವರು ಬಾಯಿಮಾತಿನಲ್ಲಿ ಹೇಳಿದ್ದನ್ನು ಸಾಕ್ಷಿಗಳು ಬರೆದುಕೊಂಡರೂ ಜಪಾನಿನಲ್ಲಿ ಅದು ಉಯಿಲಾಗುತ್ತದೆ. ಕನಿಷ್ಠ ಮೂವರು ಸಾಕ್ಷಿಗಳು ಬೇಕು. ಆಮೇಲೆ ಕೌಟುಂಬಿಕ ನ್ಯಾಯಾಲಯ ಅದನ್ನು ದೃಢೀಕರಿಸಬೇಕು. ಅದು ಸತ್ತವರ ನಿಜವಾದ ಇಚ್ಛೆಯೆಂದು ಮನವರಿಕೆಯಾಗದಿದ್ದರೆ ನ್ಯಾಯಾಲಯ ದೃಢೀಕರಿಸುವಂತಿಲ್ಲ. ಓಯಾಮಾರದೂ ಇಂಥದೇ ಉಯಿಲು, ಅವರ ಕುಟುಂಬ ಅದನ್ನು ಒಪ್ಪಲಿಲ್ಲ. 1995ರಲ್ಲಿ ಕೌಟುಂಬಿಕ ನ್ಯಾಯಾಲಯ ದೃಢೀಕರಣ ನಿರಾಕರಿಸಿತು, 1997ರಲ್ಲಿ ಸುಪ್ರೀಂ ಕೋರ್ಟಿನಲ್ಲೂ ಅದೇ ಉಳಿಯಿತು.

ಅಷ್ಟರಲ್ಲಿ ಮನೆ ಒಡೆದಾಗಿತ್ತು. ಮತ್ಸುಯಿ ಅವರದೊಂದು ಬಣ, ಗುರುಪತ್ನಿ ಚಿಯಾಕೊ ಅವರ ಸುತ್ತ ಒಂದು, ಶಾಖಾ ಮುಖ್ಯಸ್ಥರದು ಇನ್ನೊಂದು. ಮೂವರ ಬಾಯಲ್ಲೂ ಅದೇ ಹೆಸರು. ಶಾಖಾ ಮುಖ್ಯಸ್ಥರ ಬಣದ ಬಹುಪಾಲು 2003ರಲ್ಲಿ ಶಿನ್‌ಕ್ಯೊಕುಶಿನ್‌ಕಾಯ್ ಎಂದು ಹೆಸರು ಬದಲಿಸಿಕೊಂಡಿತು. ‘ಶಿನ್’ ಎಂದರೆ ಹೊಸತು. ಹಳೆಯ ಹೆಸರನ್ನು ಪೂರ್ತಿ ಬಿಟ್ಟುಕೊಡಲಿಲ್ಲ ನೋಡಿ, ಅದರ ಮುಂದೊಂದು ಅಕ್ಷರ ಸೇರಿಸಿದರು. ಆ ಅಕ್ಷರದಲ್ಲಿ ನನಗೆ ಹಟಕ್ಕಿಂತ ಗುರುವಿನ ಮೇಲಿನ ಪ್ರೀತಿಯೇ ಹೆಚ್ಚು ಕಾಣುತ್ತದೆ.

ಫುನಾಕೋಶಿ ಸತ್ತಾಗ ಜಗಳವಾದದ್ದು ಶವಸಂಸ್ಕಾರದ ಮೇಲೆ. ಅವರ ಹಿರಿಯ ಮಗ ಆ ಹೊಣೆಯನ್ನು ಶೋಟೊಕಾಯ್ ಎಂಬ ಶಿಷ್ಯರ ಬಳಗಕ್ಕೆ ಕೊಟ್ಟರು. ಅವರ ಶಿಷ್ಯರದೇ ಇನ್ನೊಂದು ಸಂಸ್ಥೆ ಜಪಾನ್ ಕರಾಟೆ ಅಸೋಸಿಯೇಷನ್, ಅಂದರೆ ಜೆಕೆಎ, ಅದಕ್ಕೆ ಒಪ್ಪಲಿಲ್ಲ. ಆ ಕಡೆಯ ವಿಶ್ವವಿದ್ಯಾಲಯ ಕ್ಲಬ್‌ಗಳು ಅಂತ್ಯಕ್ರಿಯೆಗೇ ಹೋಗಲಿಲ್ಲ. 88 ವರ್ಷದ ಗುರುವಿಗೆ ಸ್ವಂತ ಶಿಷ್ಯರೇ ಕೊನೆಯ ನಮಸ್ಕಾರಕ್ಕೆ ಬಾರದೆ ಉಳಿದರು ಎಂಬುದನ್ನು ಓದುವಾಗ ಇವತ್ತಿಗೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಸ್ಪರ್ಧೆ ಬೇಕೇ ಬೇಡವೇ ಎಂಬ ವಾದವೂ ಅಲ್ಲಿತ್ತು, ನಿಜ. ಶೋಟೊಕಾಯ್ ಸ್ಪರ್ಧೆಯನ್ನು ಒಪ್ಪಲಿಲ್ಲ, ಜೆಕೆಎ ಅದೇ ವರ್ಷ ಮೊದಲ ರಾಷ್ಟ್ರೀಯ ಚಾಂಪಿಯನ್‌ಶಿಪ್ ನಡೆಸಿತು.

ಆ ಜೆಕೆಎಗೂ ಅದೇ ಗತಿ ಬಂತು. ಮುಖ್ಯ ಶಿಕ್ಷಕ ಮಸಾತೋಶಿ ನಕಾಯಾಮಾ 1987ರಲ್ಲಿ ತೀರಿಕೊಂಡ ಮೇಲೆ ನೊಬುಯುಕಿ ನಕಾಹಾರಾ ಬಣ ಒಂದು ಕಡೆ, ತೆತ್ಸುಹಿಕೊ ಅಸಾಯ್ ಬಣ ಇನ್ನೊಂದು ಕಡೆ. ಹೆಸರು ಯಾರದೆಂದು ತೀರ್ಮಾನವಾಗಲು 1999ರ ಸುಪ್ರೀಂ ಕೋರ್ಟ್ ತೀರ್ಪೇ ಬೇಕಾಯಿತು. ನಕಾಹಾರಾ ಕಡೆ ಗೆದ್ದಿತು, ಅಸಾಯ್ ಬೇರೆ ಸಂಸ್ಥೆ ಕಟ್ಟಿದರು. ಎರಡೂ ಕಡೆಯವರು ಹೇಯಾನ್ ಎಂಬ ಅವೇ ಆರಂಭಿಕ ಕಟಾಗಳನ್ನೇ ಮಕ್ಕಳಿಗೆ ಕಲಿಸುತ್ತಿದ್ದರು.

ಹಾಗಾದರೆ ಸಾವೇ ಕಾರಣವೇ? ಪೂರ್ತಿ ಅಲ್ಲ. ವಾಡೊ-ರ್ಯು ಎಂಬ ಮತ್ತೊಂದು ಕರಾಟೆ ಶೈಲಿಯ ಸಂಸ್ಥಾಪಕ ಹಿರೊನೊರಿ ಓತ್ಸುಕಾ ತೀರಿಕೊಂಡದ್ದು 1982ರ ಜನವರಿಯಲ್ಲಿ. ಅಲ್ಲಿ ಒಡಕು ಅದಕ್ಕೂ ಮೊದಲೇ, 1981ರಲ್ಲಿ ಆಗಿಹೋಗಿತ್ತು. ಹೊರಬಂದು ಬೇರೆ ಸಂಸ್ಥೆ ಮಾಡಿದವರು ಶಿಷ್ಯರಲ್ಲ, ಎಂಬತ್ತೆಂಟರ ಆ ಮುದಿ ಗುರುವೇ.