ಕಂಬದೊಳಗಿನ ಖಾಲಿ ಜಾಗ

ಇಂಗ್ಲೆಂಡಿನ ಸಸೆಕ್ಸ್‌ನಲ್ಲಿ ಊಸ್ ಕಣಿವೆ ದಾಟುವ ರೈಲು ಸೇತುವೆಯ ಫೋಟೊ ಅನೇಕರು ನೋಡಿರುತ್ತಾರೆ. ಅಡಿಯಲ್ಲಿ ನಿಂತರೆ ಪ್ರತಿ ಕಂಬದ ನಡುವೆಯೂ ಎತ್ತರದ ಕಿಂಡಿ. ಕಿಂಡಿಯೊಳಗೆ ಕಿಂಡಿ, ಕಣ್ಣು ಹರಿಯುವಷ್ಟು ದೂರ. ಅಲಂಕಾರಕ್ಕೆ ಬಿಟ್ಟಿದ್ದೇನೋ ಅನ್ನಿಸುತ್ತದೆ. ಅಸಲಿಗೆ ಅದು ಇಟ್ಟಿಗೆ ಉಳಿಸುವ ಲೆಕ್ಕ.

ಲಂಡನ್–ಬ್ರೈಟನ್ ಮಾರ್ಗಕ್ಕಾಗಿ ಜಾನ್ ರಾಸ್ಟ್ರಿಕ್ ಎಂಬ ಎಂಜಿನಿಯರ್ ರೂಪಿಸಿದ ಸೇತುವೆಯಿದು. ರೈಲು ಓಡಿದ್ದು 1841ರಲ್ಲಿ. ಉದ್ದ ಸುಮಾರು 450 ಮೀಟರ್, ಎತ್ತರ 29 ಮೀಟರ್, ಕಮಾನು 37. ಇಷ್ಟು ಟೊಳ್ಳು ಬಿಟ್ಟೂ ಸುಮಾರು 1.1 ಕೋಟಿ ಇಟ್ಟಿಗೆ ಹಿಡಿದಿದೆ. ಕಿಂಡಿಯ ನೆತ್ತಿಯಲ್ಲಿ ಮಾಮೂಲಿ ಕಮಾನು, ಬುಡದಲ್ಲಿ ತಲೆಕೆಳಗಾದ ಕಮಾನು. ನನಗೆ ಇಡೀ ಸೇತುವೆಯಲ್ಲಿ ಅಚ್ಚುಮೆಚ್ಚು ಆ ಕೆಳಗಿನದೇ: ಎರಡು ಕಾಲುಗಳ ಮೇಲೆ ಇಳಿದ ಭಾರವನ್ನು ಅದು ಅಡಿಪಾಯದ ಅಗಲಕ್ಕೂ ಹರಡುತ್ತದೆ.

ಕಂಬಗಳು ತೆಳ್ಳಗಿದ್ದೂ ನಿಲ್ಲುವುದು ಹೇಗೆ? ಕಮಾನು ಪಕ್ಕಕ್ಕೆ ಒತ್ತುತ್ತದೆ; ಆಚೆಯ ಕಮಾನು ಅಷ್ಟೇ ಬಲದಿಂದ ಎದುರೊತ್ತುತ್ತದೆ. ಅಪಾಯವೂ ಇಲ್ಲೇ ಇದೆ. ಒಂದು ಬಿದ್ದರೆ ಪಕ್ಕದ್ದಕ್ಕೆ ಆಸರೆಯಿಲ್ಲ. ಯಾರ್ಕ್‌ಶೈರಿನ ರಿಬಲ್‌ಹೆಡ್ ಸೇತುವೆಯಲ್ಲಿ ಪ್ರತಿ ಆರನೆಯ ಕಂಬವನ್ನು ದಪ್ಪಗೆ ಕಟ್ಟಿರುವುದು ಆ ಸರಣಿ ಕುಸಿತವನ್ನು ಅಲ್ಲಿಗೇ ತಡೆಯಲೆಂದು.

ಊಸ್ ಸೇತುವೆಯ ತುದಿಗಳಲ್ಲಿರುವ ಪುಟ್ಟ ಮಂಟಪಗಳು ವಾಸ್ತುಶಿಲ್ಪಿ ಡೇವಿಡ್ ಮೊಕಾಟಾ ಕೈಚಳಕ. ಅವು ಯಾವ ಭಾರವನ್ನೂ ಹೊರುವುದಿಲ್ಲ. ಆದರೆ ಮಂಟಪಕ್ಕೂ ಕಟಾಂಜನಕ್ಕೂ ಬಳಸಿದ ಫ್ರಾನ್ಸಿನ ಕಾನ್ ಸುಣ್ಣಕಲ್ಲು ಮಳೆಗೆ ಸವೆಯಿತು. 1990ರ ದಶಕದ ಕೊನೆಯಲ್ಲಿ ದುರಸ್ತಿಗೆ ಮತ್ತೆ ಫ್ರಾನ್ಸಿನಿಂದಲೇ ಹೊಂದುವ ಕಲ್ಲು ತರಿಸಿದರು. ದುಬಾರಿಯಾದರೂ ಸರಿಯಾದ ನಿರ್ಧಾರ.

ಇಟ್ಟಿಗೆಯ ವಿಷಯದಲ್ಲಿ ಇಂಥ ವಿವೇಕ ಎಲ್ಲೆಡೆ ಕಾಣುವುದಿಲ್ಲ. ಹಳೆಯ ಸುಣ್ಣದ ಗಾರೆ ಮೆದು. ಗೋಡೆಗೆ ಸೇರಿದ ತೇವ ಸಂದುಗಳಲ್ಲೇ ಆರಿಹೋಗುತ್ತದೆ. ಗಟ್ಟಿಯಾಗಲೆಂದು ಸಂದಿಗೆ ಸಿಮೆಂಟ್ ಮೆತ್ತಿದರೆ ನೀರು ಇಟ್ಟಿಗೆಯೊಳಗೇ ಸಿಕ್ಕಿಬೀಳುತ್ತದೆ. ಅಲ್ಲಿನ ಚಳಿಗೆ ಅದು ಹೆಪ್ಪುಗಟ್ಟಿ ಉಬ್ಬಿದಾಗ ಇಟ್ಟಿಗೆಯ ಮುಖವೇ ಕಳಚಿ ಬೀಳುತ್ತದೆ. ನಮ್ಮ ಕಡೆ ಹಿಮದ ಕಾಟವಿಲ್ಲ, ಆ ಕೆಲಸವನ್ನು ಉಪ್ಪು ಮಾಡುತ್ತದೆ. ಹಳೆಯ ಮನೆಗೆ ಸಿಮೆಂಟ್ ಬಳಿಸಿದವರಿಗೆ ಗೊತ್ತು.

ಹಾಗಾಗಿ ಇಂಥ ಸೇತುವೆಯ ಕೆಳಗೆ ನಿಂತಾಗ ನಾನು ಮೊದಲು ಹುಡುಕುವುದು ಬಿರುಕನ್ನಲ್ಲ. ಕಮಾನಿನ ಹೊಟ್ಟೆಯಲ್ಲಿ ಇಳಿದ ಬಿಳಿ ಗೆರೆಗಳನ್ನು. ಮೇಲೆ ಜಲ್ಲಿಯಡಿಯ ನೀರುದಾರಿ ಕಟ್ಟಿಕೊಂಡು, ಸೋರಿದ ನೀರು ಗಾರೆಯ ಸುಣ್ಣ ಕರಗಿಸಿಕೊಂಡು ಬಂದ ಗುರುತು ಅದು. ಮೊದಲು ಆ ನೀರುದಾರಿ ಬಿಡಿಸಬೇಕು, ಸಂದು ತುಂಬುವ ಮಾತು ಆಮೇಲೆ.